ಬಸ್ಸು ತರುವುದು ಕೌನ್ಸಿಲರ ಕೈಯಲ್ಲಿಲ್ಲ ಎನ್ನುವುದು ಎಷ್ಟು ನಿಜ?

ಪ್ರಶ್ನೆ: ಕಾಸರಗೋಡು ನಗರಸಭೆಯ ಒಳಭಾಗದ ವಾರ್ಡೊಂದರಲ್ಲಿ, ಮಧೂರು ಪಂಚಾಯತಿನ ಗಡಿಗೆ ತಾಗಿಕೊಂಡು ನಮ್ಮ ಮನೆ. ಪೇಟೆಗೆ ನಾಲ್ಕು ಕಿಲೋಮೀಟರ್. ಮೊದಲು ಎರಡು ಮಿನಿ ಬಸ್ಸುಗಳಿದ್ದವು. ಕೋವಿಡ್ ನಂತರ ಒಂದು ನಿಂತೇ ಹೋಯಿತು. ಇನ್ನೊಂದು ಬೆಳಗ್ಗೆ ಸರಿಯಾಗಿ ಬರುತ್ತದೆ, ಸಂಜೆ 6.40ರ ಟ್ರಿಪ್ ವಾರದಲ್ಲಿ ಮೂರು ದಿನ ಇರುವುದಿಲ್ಲ, ಭಾನುವಾರವಂತೂ ಕೇಳುವುದೇ ಬೇಡ. ಅಮ್ಮನನ್ನು ವಾರಕ್ಕೆರಡು ಸಲ ಜನರಲ್ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಮಗಳು ವಿದ್ಯಾನಗರದ ಕಾಲೇಜಿಗೆ ಹೋಗುತ್ತಾಳೆ. ಆಟೊ ಬಾಡಿಗೆಗೇ ದುಡಿದದ್ದು ಹೋಗುತ್ತಿದೆ. ಕೌನ್ಸಿಲರಿಗೆ ಎರಡು ಸಲ ಮನವಿ ಕೊಟ್ಟೆವು. "ಬಸ್ ಬಿಡುವುದು ನಮ್ಮ ಕೈಯಲ್ಲಿಲ್ಲ" ಎನ್ನುತ್ತಾರೆ. ಹಾಗಾದರೆ ಬಸ್ಸೇ ನಿಲ್ಲದ ಜಾಗದಲ್ಲಿ ತಂಗುದಾಣ ಕಟ್ಟಿದ್ದು ಯಾಕೆ? ಕಲೆಕ್ಟರ್ ಮನಸ್ಸು ಮಾಡಿದರೆ ಒಂದೇ ದಿನದ ಕೆಲಸ ಎಂದು ಕೆಲವರು, ಖಾಸಗಿಯವರಿಗೆ ಈಗ ಪರ್ಮಿಟ್ಟೇ ಕೊಡುವುದಿಲ್ಲ ಎಂದು ಕೆಲವರು, ಕನ್ನಡದಲ್ಲಿ ಬರೆದರೆ ಯಾರೂ ಓದುವುದಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ನಗರಸಭೆಯೇ ಒಂದು ಬಸ್ ಖರೀದಿಸಬಾರದೇ? ತಲಪಾಡಿವರೆಗೆ ಬರುವ ಮಂಗಳೂರಿನ ಖಾಸಗಿ ಬಸ್ಸುಗಳನ್ನು ಇತ್ತ ತರಲಾಗದೇ? ನಾವು ಯಾರ ಬಾಗಿಲು ತಟ್ಟಬೇಕು?
(ಓದುಗರೊಬ್ಬರು, ಕಾಸರಗೋಡು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಇರುವ ಬಸ್ಸು ಟ್ರಿಪ್ ತಪ್ಪಿಸುತ್ತಿದೆ ಎಂಬುದು ಒಂದು. ಒಂದು ಬಸ್ಸು ಸಾಲದು ಎಂಬುದು ಇನ್ನೊಂದು. ಇವೆರಡನ್ನೂ ಕೂಡಿಸಿ "ನಮ್ಮ ವಾರ್ಡಿಗೆ ಬಸ್ ಸೌಕರ್ಯ ಕಲ್ಪಿಸಿ" ಎಂದು ಒಂದೇ ಮನವಿ ಬರೆದರೆ ಅದು ಹೊಸ ಬಸ್ಸಿನ ಬೇಡಿಕೆಯಾಗಿ ದಾಖಲಾಗುತ್ತದೆ, ಹಣವಿಲ್ಲ ಅಥವಾ ಅಧಿಕಾರವಿಲ್ಲ ಎಂಬ ಷರಾದೊಂದಿಗೆ ಕಡತದಲ್ಲೇ ಉಳಿಯುತ್ತದೆ. ತಪ್ಪಿದ ಟ್ರಿಪ್ಪಿಗಾದರೋ ಯಾರೂ ಹೊಸದಾಗಿ ಏನನ್ನೂ ಮಂಜೂರು ಮಾಡಬೇಕಾಗಿಲ್ಲ. ಅದು ಈಗಾಗಲೇ ನಿಮ್ಮದು. ಮೊದಲು ಅದನ್ನು ವಾಪಸ್ ಪಡೆಯಿರಿ, ಆಮೇಲೆ ಎರಡನೇ ಬಸ್ಸಿನ ಮಾತು ಎತ್ತಿ. ನನ್ನ ಸಲಹೆಯ ಸಾರ ಇಷ್ಟೇ. ಉಳಿದದ್ದು ಅದನ್ನು ಮಾಡುವ ಕ್ರಮ.

ಕೌನ್ಸಿಲರ್ ಹೇಳಿದ್ದು ಅರ್ಧ ನಿಜ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರೂಟ್ ಬಸ್ಸಿಗೆ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅಂದರೆ ಆರ್‌ಟಿಎ. ಕೇರಳದಲ್ಲಿ ಜಿಲ್ಲಾ ಕಲೆಕ್ಟರ್ ಅದರ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಜಿಲ್ಲಾ ಪೊಲೀಸ್ ಮುಖ್ಯಸ್ಥರೂ ಸಾರಿಗೆ ಇಲಾಖೆಯ ಹಿರಿಯ ಅಧಿಕಾರಿಯೂ ಸದಸ್ಯರು. ನಗರಸಭೆಗೆ ಅಲ್ಲಿ ಕುರ್ಚಿಯಿಲ್ಲ. ಇಲ್ಲಿಯವರೆಗೆ ಅವರ ಮಾತು ಸರಿ. ಆದರೆ ಬಸ್ಸು ಓಡಬೇಕಾದ ಒಳರಸ್ತೆ ನಗರಸಭೆಯದು. ಆ ರಸ್ತೆ ಬಸ್ಸಿಗೆ ಯೋಗ್ಯ ಎಂಬ ಸರ್ಟಿಫಿಕೇಟ್ ಕೊಡುವುದು ನಗರಸಭೆಯ ಎಂಜಿನಿಯರ್. ಬಸ್ ನಿಲ್ದಾಣ ನಗರಸಭೆಯದು. ಸ್ಟಾಪ್ ಎಲ್ಲಿರಬೇಕು, ಆಟೊ ಸ್ಟ್ಯಾಂಡ್ ಎಲ್ಲಿರಬೇಕು ಎಂದು ಶಿಫಾರಸು ಮಾಡುವ ಟ್ರಾಫಿಕ್ ರೆಗ್ಯುಲೇಟರಿ ಸಮಿತಿ ಸೇರುವುದು ನಗರಸಭಾಧ್ಯಕ್ಷರ ಅಧ್ಯಕ್ಷತೆಯಲ್ಲಿ. ಆದ್ದರಿಂದ "ಬಸ್ ಬಿಡುವುದು ನಮ್ಮ ಕೈಯಲ್ಲಿಲ್ಲ" ಎಂಬ ಉತ್ತರಕ್ಕೆ ನೀವು ಕೇಳಬೇಕಾದ ಮರುಪ್ರಶ್ನೆ: "ಸರಿ, ರಸ್ತೆಯ ಫಿಟ್‌ನೆಸ್ ಸರ್ಟಿಫಿಕೇಟ್ ಯಾವಾಗ ಕೊಡಿಸುತ್ತೀರಿ? ಸ್ಟಾಪಿನ ವಿಷಯ ಟ್ರಾಫಿಕ್ ಸಮಿತಿಯ ಅಜೆಂಡಾಕ್ಕೆ ಯಾವಾಗ ಬರುತ್ತದೆ?" ಇವೆರಡಕ್ಕೂ ಕೌನ್ಸಿಲರ್ ಉತ್ತರ ಹೇಳಲೇಬೇಕು.

ಕಲೆಕ್ಟರ್ ಒಂದೇ ದಿನದಲ್ಲಿ ಮಾಡಿಬಿಡಬಹುದು ಎಂಬುದು ತಪ್ಪು ಕಲ್ಪನೆ. ಪರ್ಮಿಟ್ ಇರುವ ಮಾಲಕನಿಗೆ ಪರ್ಮಿಟ್ಟಿನ ಷರತ್ತು ಪಾಲಿಸು ಎಂದು ಹೇಳುವ ಅಧಿಕಾರ ಪ್ರಾಧಿಕಾರಕ್ಕಿದೆ. ಪರ್ಮಿಟ್ ಕೇಳದೆ ಮನೆಯಲ್ಲಿ ಕೂತವನನ್ನು ಕರೆದು ಬಸ್ ಓಡಿಸು ಎನ್ನುವ ಅಧಿಕಾರ ಯಾರಿಗೂ ಇಲ್ಲ. ಖಾಸಗಿಯವರಿಗೆ ಪರ್ಮಿಟ್ಟೇ ಸಿಗುವುದಿಲ್ಲ ಎಂಬುದೂ ಹಾಗೆಯೇ. ಹಳೆಯ 1939ರ ಕಾಯ್ದೆಯಲ್ಲಿ ಬಿಗಿ ಇತ್ತು. ಈಗಿನ ಕಾಯ್ದೆಯ ಸೆಕ್ಷನ್ 80 ಪ್ರಕಾರ ಅರ್ಜಿಯನ್ನು ಯಾವಾಗ ಬೇಕಾದರೂ ಹಾಕಬಹುದು, ಸಾಮಾನ್ಯವಾಗಿ ಅದನ್ನು ತಿರಸ್ಕರಿಸುವಂತಿಲ್ಲ. ಕೇರಳದ ಸರಕಾರಿ ಬಸ್ ಸಂಸ್ಥೆಯಾದ ಕೆಎಸ್‌ಆರ್‌ಟಿಸಿಗೆ ಮೀಸಲೆಂದು ಅಧಿಸೂಚನೆಯಾದ ಮುಖ್ಯ ಮಾರ್ಗಗಳಲ್ಲಿ ಖಾಸಗಿ ಬಸ್ಸಿಗೆ ಮಿತಿಯಿದೆ, ನಿಜ: ಹೊಸ ಬಸ್ಸಿನ ಮಾರ್ಗ ಅಂಥ ರಸ್ತೆಯ ಮೇಲೆ 5 ಕಿ.ಮೀ. ಅಥವಾ ಒಟ್ಟು ಉದ್ದದ ಶೇಕಡಾ 5, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟು ಮಾತ್ರ ಸಾಗಬಹುದು. ಪೇಟೆಯಿಂದ ಒಳವಾರ್ಡಿಗೆ, ಅಲ್ಲಿಂದ ಮಧೂರು ಕಡೆಗೆ ಹೋಗುವ ಕಿರುಮಾರ್ಗದಲ್ಲಿ ಈ ತೊಡಕು ಬರುವುದು ಕಡಿಮೆ. ಕೊರತೆ ಇರುವುದು ಪರ್ಮಿಟ್ಟಿಗಲ್ಲ, ಅರ್ಜಿ ಹಾಕುವ ಮಾಲಕರಿಗೆ. ಯಾಕೆ ಎಂಬುದನ್ನು ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ಸಂಜೆಯ ಟ್ರಿಪ್. ಪ್ರತಿ ರೂಟ್ ಬಸ್ಸಿನ ಪರ್ಮಿಟ್ಟಿಗೂ ಒಂದು ಟೈಂ ಶೀಟ್ ಅಂಟಿಕೊಂಡಿರುತ್ತದೆ. ಯಾವ ಸ್ಟಾಪಿನಿಂದ ಎಷ್ಟು ಗಂಟೆಗೆ ಹೊರಡಬೇಕು, ದಿನಕ್ಕೆ ಎಷ್ಟು ಟ್ರಿಪ್, ರಾತ್ರಿ ಎಲ್ಲಿ ಹಾಲ್ಟ್ ಎಂಬುದೆಲ್ಲ ಅದರಲ್ಲಿದೆ. ವಿದ್ಯಾನಗರ ಸಿವಿಲ್ ಸ್ಟೇಶನ್ನಿನಲ್ಲಿರುವ ಆರ್‌ಟಿಒ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ, ಆ ಬಸ್ಸಿನ ನೋಂದಣಿ ಸಂಖ್ಯೆ ಬರೆದು, ಪರ್ಮಿಟ್ ಮತ್ತು ಅಂಗೀಕೃತ ಟೈಂ ಶೀಟಿನ ಪ್ರತಿ ಕೇಳಿ. 30 ದಿನದೊಳಗೆ ಕೊಡಬೇಕು. ಕೊಡದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಈ ಕಾಗದ ಕೈಗೆ ಬರುವ ಮೊದಲು ದೂರು ಕೊಡಬೇಡಿ. ನೀವು 6.40 ಎನ್ನುತ್ತೀರಿ, ಟೈಂ ಶೀಟಿನಲ್ಲಿ 6.25 ಎಂದಿದ್ದರೆ, ಅಥವಾ ಭಾನುವಾರದ ಟ್ರಿಪ್ ಅದರಲ್ಲಿ ಇಲ್ಲದೇ ಇದ್ದರೆ, ನಿಮ್ಮ ದೂರು ವಿಚಾರಣೆಯ ಮೊದಲ ದಿನವೇ ಬಿದ್ದುಹೋಗುತ್ತದೆ.

ಕಾಗದ ಬರುವಷ್ಟರಲ್ಲಿ ಎರಡು ವಾರ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ: ದಿನಾಂಕ, ಬಸ್ ಬಂದ ಸಮಯ ಅಥವಾ ಬಾರದಿದ್ದದ್ದು, ಸ್ಟಾಪಿನಲ್ಲಿ ಕಾದು ನಿಂತವರ ಸಂಖ್ಯೆ. ನಿಮ್ಮ ಸ್ಟಾಪೊಂದರಲ್ಲೇ ಅಲ್ಲ, ಮುಂದಿನ ಇನ್ನೊಂದು ಸ್ಟಾಪಿನಲ್ಲೂ ಯಾರಾದರೂ ಬರೆಯಲಿ. ಒಂದೇ ಕಡೆಯ ದಾಖಲೆಗೆ "ಟ್ರಾಫಿಕ್ ಬ್ಲಾಕ್ ಇತ್ತು, ತಡವಾಗಿ ಬಂದೆವು" ಎಂಬ ಸಮಜಾಯಿಷಿ ಸುಲಭ. ಎರಡು ಕಡೆಯ ದಾಖಲೆ ತಾಳೆಯಾದರೆ ಆ ಮಾತು ನಿಲ್ಲುವುದಿಲ್ಲ. ರೂಟ್ ಬಸ್ಸುಗಳಿಗೆ ಜಿಪಿಎಸ್ ಉಪಕರಣ ಕಡ್ಡಾಯ. ಅದು ಇಲಾಖೆಯ 'ಸುರಕ್ಷಾ ಮಿತ್ರ' ವ್ಯವಸ್ಥೆಗೆ ಜೋಡಣೆಯಾಗಿರುತ್ತದೆ. ಇಂಥ ದಿನಾಂಕಗಳ ಜಿಪಿಎಸ್ ದಾಖಲೆ ಪರಿಶೀಲಿಸಿ ಎಂದು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ದಿನಾಂಕವಿಲ್ಲದ "ಆಗಾಗ ಬರುವುದಿಲ್ಲ" ಎಂಬ ವಾಕ್ಯದಿಂದ ಯಾವ ಅಧಿಕಾರಿಯೂ ಏನನ್ನೂ ಮಾಡಲಾರ.

ಪರ್ಮಿಟ್ ಷರತ್ತು ಮುರಿದರೆ ಸೆಕ್ಷನ್ 86 ಪ್ರಕಾರ ಅದನ್ನು ಅಮಾನತಿನಲ್ಲಿಡಬಹುದು, ರದ್ದು ಮಾಡಬಹುದು. ಇಲ್ಲೊಂದು ಅಪಾಯವಿದೆ, ಅದನ್ನು ಮರೆಯಬೇಡಿ. ಇರುವ ಒಂದೇ ಬಸ್ಸಿನ ಪರ್ಮಿಟ್ ಅಮಾನತಾದರೆ ಬೆಳಗ್ಗಿನ ಟ್ರಿಪ್ಪೂ ಹೋಯಿತು. ಆದ್ದರಿಂದ ದೂರಿನ ಕೊನೆಯಲ್ಲಿ ಶಿಕ್ಷೆ ಕೇಳಬೇಡಿ, "ಟೈಂ ಶೀಟಿನಂತೆ ಓಡಿಸಲು ನಿರ್ದೇಶಿಸಿ" ಎಂದು ಕೇಳಿ. ದೂರು ಕೊಡುವ ಮೊದಲು ಮಾಲಕರ ಜೊತೆ, ಡ್ರೈವರ್ ಕಂಡಕ್ಟರ್ ಜೊತೆ ಒಮ್ಮೆ ಮಾತಾಡಿ. ಟ್ರಿಪ್ ಕಟ್ ಆಗುವುದಕ್ಕೆ ಮೈಗಳ್ಳತನ ಮಾತ್ರ ಕಾರಣ ಎಂದುಕೊಳ್ಳಬೇಡಿ. ಲೆಕ್ಕ ನೋಡಿ.

ಪೇಟೆಯಿಂದ ನಿಮ್ಮ ವಾರ್ಡ್ ದಾಟಿ ಪಂಚಾಯತಿನೊಳಗಿನ ಕೊನೆಯ ಸ್ಟಾಪಿಗೆ ಏಳು ಕಿ.ಮೀ. ಎಂದಿಟ್ಟುಕೊಳ್ಳೋಣ. ದಿನಕ್ಕೆ ಏಳು ಸಲ ಹೋಗಿ ಬಂದರೆ 14 ಟ್ರಿಪ್, 98 ಕಿ.ಮೀ. ಏರಿಳಿತದ ಒಳರಸ್ತೆಯಲ್ಲಿ ಮಿನಿ ಬಸ್ಸು ಲೀಟರಿಗೆ ಐದು ಕಿ.ಮೀ. ಕೊಟ್ಟರೆ 20 ಲೀಟರ್ ಡೀಸೆಲ್; ಲೀಟರಿಗೆ 95 ರೂಪಾಯಿ ಹಿಡಿದರೆ 1,900 ರೂಪಾಯಿ. ಡ್ರೈವರ್ ಮತ್ತು ಕಂಡಕ್ಟರಿಗೆ ಸೇರಿ ಅಷ್ಟೇ ಮೊತ್ತ. ವಿಮೆ, ತೆರಿಗೆ, ಟಯರು, ವರ್ಕ್‌ಶಾಪು, ನಿಲ್ದಾಣದ ಫೀ, ಸಾಲದ ಕಂತು ಸೇರಿಸಿ ದಿನಕ್ಕೆ 1,200. ಒಟ್ಟು 5,000 ರೂಪಾಯಿ, ಅಂದರೆ ಟ್ರಿಪ್ಪಿಗೆ ಸುಮಾರು 357 ರೂಪಾಯಿ ಬಿದ್ದರೆ ಮಾತ್ರ ಕೈಕಚ್ಚುವುದಿಲ್ಲ.

ಇನ್ನು ವರಮಾನ. 2022ರ ಮೇ 1ರಿಂದ ಕೇರಳದಲ್ಲಿ ಆರ್ಡಿನರಿ ಬಸ್ಸಿನ ಕನಿಷ್ಠ ಚಾರ್ಜ್ 2.5 ಕಿ.ಮೀ.ಗೆ 10 ರೂಪಾಯಿ, ಆಮೇಲೆ ಕಿಲೋಮೀಟರಿಗೆ ಒಂದು ರೂಪಾಯಿ. ವಿದ್ಯಾರ್ಥಿಗಳಿಗೆ ಕನಿಷ್ಠ ಒಂದು ರೂಪಾಯಿ. ಬೆಳಗ್ಗೆ 8.30ರ ಟ್ರಿಪ್ಪಿನಲ್ಲಿ 50 ಜನ ಜೋತು ಬೀಳುತ್ತಾರೆ ಎನ್ನಿ. ಅದರಲ್ಲಿ 35 ಮಂದಿ ವಿದ್ಯಾರ್ಥಿಗಳಾದರೆ ಅವರಿಂದ ಹೆಚ್ಚೆಂದರೆ 70 ರೂಪಾಯಿ; ಉಳಿದ 15 ಮಂದಿ ತಲಾ 13 ಕೊಟ್ಟರೂ 195. ಒಟ್ಟು 265. ಕಾಲಿಡಲು ಜಾಗವಿಲ್ಲದ ಟ್ರಿಪ್ಪಿನಲ್ಲೇ ಸುಮಾರು 90 ರೂಪಾಯಿ ಕಡಿಮೆ. ಮಧ್ಯಾಹ್ನ 12ರಿಂದ 3ರವರೆಗೆ ಹತ್ತು ಮಂದಿ ಸಿಗುವುದಿಲ್ಲ. ಭಾನುವಾರ ವಿದ್ಯಾರ್ಥಿಗಳೂ ಇಲ್ಲ, ಕಚೇರಿಯವರೂ ಇಲ್ಲ. ಸಂಜೆಯ ಕೊನೆಯ ಟ್ರಿಪ್ ಒಳಗೆ ಹೋಗುವಾಗ ತುಂಬಿದರೂ ವಾಪಸ್ ಪೇಟೆಗೆ ಖಾಲಿ ಬರಬೇಕು. ಹಾಗಾಗಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಇದನ್ನು ಮಾಲಕರ ವಕಾಲತ್ತಾಗಿ ಹೇಳುತ್ತಿಲ್ಲ. ವಿದ್ಯಾರ್ಥಿಗಳ ರಿಯಾಯಿತಿ ಇರಲೇಬೇಕು, ಅದಿಲ್ಲದಿದ್ದರೆ ನಮ್ಮ ಒಳನಾಡಿನ ಎಷ್ಟೋ ಹೆಣ್ಣುಮಕ್ಕಳ ಓದು ಪ್ಲಸ್ ಟುಗೇ ನಿಲ್ಲುತ್ತದೆ. ಆದರೆ ಆ ಹೊರೆಯನ್ನು ಈ ಕಿರುಮಾರ್ಗದ ಒಬ್ಬ ಮಾಲಕನ ಮೇಲೆ ಹೊರಿಸಿ, ನಗರಸಭೆಯೂ ಪಂಚಾಯತೂ ಕೈ ಕಟ್ಟಿ ಕೂತರೆ ಬಸ್ಸು ಉಳಿಯುವುದಿಲ್ಲ.

ಆ ಮಾಲಕನಿಗೆ ನಗರಸಭೆ ಮಾಡಬಹುದಾದ ಉಪಕಾರ ರಸ್ತೆ. ಲೀಟರಿಗೆ ಐದು ಕಿ.ಮೀ. ನಾಲ್ಕಕ್ಕೆ ಇಳಿಯುವುದೂ, ಎಲೆಕಟ್ಟು (ಲೀಫ್ ಸ್ಪ್ರಿಂಗ್) ಮುರಿಯುವುದೂ ಹೊಂಡದಿಂದ. ನೀರಿನ ಪೈಪಿಗೆಂದು ಅಗೆದು ಮಣ್ಣು ಮುಚ್ಚಿ ಹೋದ ಅಂಚು ಮೊದಲ ಮಳೆಗೇ ಕುಸಿಯುತ್ತದೆ. ಡ್ರೈವರ್ ಆ ಬದಿಗೆ ಚಕ್ರ ಇಳಿಸಲು ಹೆದರುತ್ತಾನೆ, ಎದುರಿಗೆ ವಾಹನ ಬಂದರೆ ಅರ್ಧ ಫರ್ಲಾಂಗ್ ಹಿಂದಕ್ಕೆ ಹೋಗಬೇಕು, ಅಷ್ಟರಲ್ಲಿ ಮುಂದಿನ ಟ್ರಿಪ್ಪಿನ ಸಮಯ ಮೀರಿತು. ಟ್ರಿಪ್ ತಪ್ಪುವುದಕ್ಕೆ ಇದೂ ಕಾರಣ.

ಎರಡನೇ ಬಸ್ಸಿನ ವಿಷಯಕ್ಕೆ ಬರೋಣ. ಹೊಸ ಬಸ್ಸಿಗಿಂತ ಮೊದಲು ನೋಡಬೇಕಾದದ್ದು, ಹತ್ತಿರದ ಮುಖ್ಯರಸ್ತೆಯಲ್ಲಿ ಹೋಗುತ್ತಿರುವ ಬೇರೆ ಬಸ್ಸಿನ ಒಂದೆರಡು ಟ್ರಿಪ್ಪನ್ನು ನಿಮ್ಮ ವಾರ್ಡಿನೊಳಗೆ ತಿರುಗಿಸಬಹುದೇ ಎಂಬುದನ್ನು. ಇದಕ್ಕೆ ಪರ್ಮಿಟ್ ವೇರಿಯೇಶನ್ ಎನ್ನುತ್ತಾರೆ. ಮಾಲಕನೇ ಅರ್ಜಿ ಹಾಕಬೇಕು, ಹೊಸ ಪರ್ಮಿಟ್ಟಿನ ಹಾಗೆಯೇ ಅದನ್ನು ಪರಿಗಣಿಸುತ್ತಾರೆ. ಖರ್ಚು ಕಡಿಮೆ, ಹೊಸ ವಾಹನ ಬೇಡ. ತೊಂದರೆ ಏನೆಂದರೆ, ಒಂದೂವರೆ ಕಿ.ಮೀ. ಒಳಗೆ ಹೋಗಿ ಹೊರಬರಲು ಹತ್ತು ನಿಮಿಷ ಹೆಚ್ಚು ಬೇಕು, ಮುಂದಿನ ಊರಿನವರು ಆ ಹತ್ತು ನಿಮಿಷಕ್ಕೆ ಆಕ್ಷೇಪ ಎತ್ತುತ್ತಾರೆ, ಹಿಂದಿನ ಬಸ್ಸಿನವನು ತನ್ನ ಸಮಯಕ್ಕೆ ಅಡ್ಡ ಬಂತು ಎನ್ನುತ್ತಾನೆ. ಎಲ್ಲ ಟ್ರಿಪ್ ಕೇಳಬೇಡಿ. ಬೆಳಗ್ಗೆ ಒಂದು, ಸಂಜೆ ಒಂದು ಎಂದು ಕೇಳಿದರೆ ಒಪ್ಪಿಗೆಯಾಗುವ ಸಾಧ್ಯತೆ ಹೆಚ್ಚು.

ವೇರಿಯೇಶನ್ ಇರಲಿ, ಹೊಸ ಪರ್ಮಿಟ್ ಇರಲಿ, ಈವರೆಗೆ ಬಸ್ಸೇ ಓಡದ ರಸ್ತೆಯ ತುಂಡು ಮಾರ್ಗದಲ್ಲಿ ಸೇರಿದ್ದರೆ ಎರಡು ಕಾಗದ ಬೇಕಾಗುತ್ತವೆ: ಮೋಟಾರು ವಾಹನ ಇನ್‌ಸ್ಪೆಕ್ಟರರ ಸ್ಥಳ ಪರಿಶೀಲನಾ ವರದಿ, ರಸ್ತೆಯ ಒಡೆತನ ಇರುವ ಸಂಸ್ಥೆಯ ಎಂಜಿನಿಯರ್ ಕೊಡುವ ಫಿಟ್‌ನೆಸ್ ಸರ್ಟಿಫಿಕೇಟ್. ಎರಡನೆಯದು ಬಾರದೆ ಆರ್‌ಟಿಎ ಸಭೆಯಲ್ಲಿ ಅರ್ಜಿ ಮುಂದೂಡಿಕೆಯಾಗುತ್ತದೆ. ಮತ್ತೆ ಮುಂದಿನ ಸಭೆಗೆ ಕಾಯಬೇಕು. ಮಾಲಕ ಅಷ್ಟರಲ್ಲಿ ಬೇಸತ್ತು ಬಸ್ಸನ್ನು ಬೇರೆ ಕಡೆ ಹಾಕಿರುತ್ತಾನೆ. ನಿಮ್ಮ ವಿಷಯದಲ್ಲಿ ರಸ್ತೆಯ ಒಂದು ಭಾಗ ನಗರಸಭೆಯದು, ಉಳಿದದ್ದು ಮಧೂರು ಪಂಚಾಯತಿನದು; ನಡುವೆ ಲೋಕೋಪಯೋಗಿ ಇಲಾಖೆಯ ತುಂಡೂ ಇರಬಹುದು. ಪ್ರತಿಯೊಬ್ಬರಿಂದಲೂ ಬೇರೆ ಬೇರೆ ಕಾಗದ. ಯಾವ ತುಂಡು ಯಾರ ಆಸ್ತಿ ರಿಜಿಸ್ಟರಿನಲ್ಲಿದೆ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಗಡಿಯ ರಸ್ತೆಗಳಲ್ಲಿ ಇಬ್ಬರೂ "ನಮ್ಮದಲ್ಲ" ಎನ್ನುವ ಐವತ್ತು ಮೀಟರ್ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ಎಂಜಿನಿಯರ್ ಏನು ನೋಡುತ್ತಾರೆ ಎಂಬುದನ್ನು ನೀವೇ ಟೇಪು ಹಿಡಿದು ಮೊದಲೇ ನೋಡಬಹುದು. ಬಸ್ಸಿನ ಅಗಲ ಕಾನೂನಿನ ಪ್ರಕಾರ ಗರಿಷ್ಠ 2.6 ಮೀಟರ್. ಒಂಟಿ ಪಥದ ರಸ್ತೆಯ ವಾಡಿಕೆಯ ಡಾಂಬರು ಅಗಲ 3.75 ಮೀಟರ್. ನಿಮ್ಮಲ್ಲಿ ಮೂರು ಮೀಟರ್ ಮಾತ್ರ ಇದ್ದು ಎರಡೂ ಬದಿ ಕೆಂಪುಕಲ್ಲಿನ ಕಾಂಪೌಂಡ್ ಗೋಡೆ ಇದ್ದರೆ ಎದುರು ಬರುವ ಆಟೊಕ್ಕೂ ಜಾಗವಿಲ್ಲ. ಅಂಥ ಕಡೆ ನಡುನಡುವೆ ವಾಹನ ಬದಿಗೆ ಸರಿಯುವಷ್ಟು ಅಗಲದ ಜಾಗ ಬೇಕು. ತಿರುವಿನಲ್ಲಿ ಗೋಡೆಯ ಮೂಲೆ ಬಸ್ಸಿನ ಹಿಂಭಾಗಕ್ಕೆ ತಾಗುತ್ತದೆಯೇ, ಮೋರಿಯ ಸ್ಲ್ಯಾಬ್ ಬಿರುಕು ಬಿಟ್ಟಿದೆಯೇ, ಚರಂಡಿಯ ಅಂಚು ಗಟ್ಟಿಯಿದೆಯೇ, ವಿದ್ಯುತ್ ತಂತಿ ಮತ್ತು ತೆಂಗಿನ ಗರಿ ಎಷ್ಟು ಕೆಳಗೆ ಜೋತಿವೆ ಎಂದು ನೋಡಿ. ಎಲ್ಲಕ್ಕಿಂತ ಹೆಚ್ಚಾಗಿ ಕೊನೆಯ ಸ್ಟಾಪಿನಲ್ಲಿ ತಿರುಗಿಸಲು ಜಾಗ. ಏಳೆಂಟು ಮೀಟರ್ ಉದ್ದದ ಮಿನಿ ಬಸ್ಸಿಗೂ ಹಿಂದೆ ಮುಂದೆ ಮಾಡದೆ ತಿರುಗಲು 15 ಮೀಟರಿಗಿಂತ ಹೆಚ್ಚು ಅಗಲ ಬೇಕು. ರಾತ್ರಿ ಬಸ್ಸು ಹಿಂದಕ್ಕೆ ತೆಗೆಯುವಾಗ ಆಗುವ ಅಪಘಾತದ ಭಯದಿಂದಲೇ ಎಷ್ಟೋ ಡ್ರೈವರುಗಳು ಕೊನೆಯ ಸ್ಟಾಪಿಗೆ ಹೋಗದೆ ಒಂದು ಕಿ.ಮೀ. ಮೊದಲೇ ತಿರುಗಿಸುತ್ತಾರೆ. ದೇವಸ್ಥಾನವೋ ಮಸೀದಿಯೋ ಶಾಲೆಯೋ ತನ್ನ ಅಂಗಳದಲ್ಲಿ ಬಸ್ಸು ತಿರುಗಿಸಲು ಲಿಖಿತ ಒಪ್ಪಿಗೆ ಕೊಟ್ಟರೆ ಅದನ್ನು ಮನವಿಗೆ ಲಗತ್ತಿಸಿ. ಆ ಒಂದು ಹಾಳೆಯಿಂದ ಆಗುವ ಕೆಲಸ ನೂರು ಸಹಿಯಿಂದ ಆಗುವುದಿಲ್ಲ.

ನಿಂತುಹೋದ ಹಳೆಯ ಬಸ್ಸಿನ ಪರ್ಮಿಟ್ ಇನ್ನೂ ಜೀವಂತವಿದೆಯೇ ಎಂಬುದನ್ನೂ ಮಾಹಿತಿ ಹಕ್ಕಿನ ಅದೇ ಅರ್ಜಿಯಲ್ಲಿ ಕೇಳಿ. ಪರ್ಮಿಟ್ಟಿನ ಅವಧಿ ಐದು ವರ್ಷ. ಅವಧಿ ಮುಗಿದು ನವೀಕರಣವಾಗದಿದ್ದರೆ ಆ ಸಮಯಗಳು ಖಾಲಿಯಿವೆ, ಆಸಕ್ತಿ ಇರುವ ಮಾಲಕನಿಗೆ ತೋರಿಸಬಹುದು. ಹೊಸಬರು ಮುಂದೆ ಬಂದರೆ ಸೆಕ್ಷನ್ 87ರಂತೆ ನಾಲ್ಕು ತಿಂಗಳಿಗೆ ಮೀರದ ತಾತ್ಕಾಲಿಕ ಪರ್ಮಿಟ್ಟಿನಲ್ಲಿ ಓಡಿಸಿ ನೋಡಲು ದಾರಿಯಿದೆ. ಜೂನಿನಲ್ಲಿ ಶಾಲೆ ಶುರುವಾಗುವಾಗ ಇಂಥ ಪ್ರಯೋಗ ಮಾಡಬೇಕು, ಮಾರ್ಚ್ ಕೊನೆಗೆ ಮಾಡಿದರೆ ರಜೆಯ ಖಾಲಿ ಸೀಟು ನೋಡಿ ಮಾಲಕ ಓಡಿಹೋಗುತ್ತಾನೆ.

ನಗರಸಭೆಯೇ ಬಸ್ ಖರೀದಿಸುವುದರ ಬಗ್ಗೆ ನನಗೆ ಉತ್ಸಾಹವಿಲ್ಲ. ತಿರುವನಂತಪುರದಲ್ಲಿ ಸ್ಮಾರ್ಟ್ ಸಿಟಿ ಹಣದಿಂದ 113 ಎಲೆಕ್ಟ್ರಿಕ್ ಬಸ್ಸು ಬಂದವು; ರಾಜಧಾನಿಯ ಅಷ್ಟು ದೊಡ್ಡ ಕಾರ್ಪೊರೇಶನ್ ಕೂಡ ಅವನ್ನು ತಾನೇ ಓಡಿಸಲಿಲ್ಲ, ಕೆಎಸ್‌ಆರ್‌ಟಿಸಿಯ ಸ್ವಿಫ್ಟ್ ಕಂಪೆನಿ ಓಡಿಸುತ್ತಿದೆ. 2011ರ ಜನಗಣತಿಯಲ್ಲಿ 54,172 ಜನಸಂಖ್ಯೆ ಇದ್ದ ನಮ್ಮ ಪುಟ್ಟ ನಗರಸಭೆ ಒಂದು ಬಸ್ ಕೊಂಡರೆ ಡ್ರೈವರ್, ಬದಲಿ ಡ್ರೈವರ್, ಮೆಕ್ಯಾನಿಕ್, ಸ್ಪೇರ್ ಬಸ್ಸು ಯಾವುದೂ ಇರುವುದಿಲ್ಲ. ಕ್ಲಚ್ ಹೋದ ದಿನ ಟೆಂಡರ್ ಕರೆಯಬೇಕು.

ಅದಕ್ಕಿಂತ ಒಳ್ಳೆಯ ದಾರಿ 'ಗ್ರಾಮವಂಡಿ'. 2022ರ ಜುಲೈಯಲ್ಲಿ ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯತಿನಲ್ಲಿ ಮೊದಲು ಶುರುವಾದ ಯೋಜನೆ ಇದು. ಬಸ್ಸು, ಸಿಬ್ಬಂದಿ, ರಿಪೇರಿ ಕೆಎಸ್‌ಆರ್‌ಟಿಸಿಯದು. ಡೀಸೆಲ್ ಖರ್ಚು ಸ್ಥಳೀಯ ಸಂಸ್ಥೆಯದು. ಮಾರ್ಗ ಮತ್ತು ಸಮಯ ನಿಶ್ಚಯಿಸುವುದರಲ್ಲಿ ಸ್ಥಳೀಯ ಸಂಸ್ಥೆಗೆ ಮಾತು ಇರುತ್ತದೆ. ದಿನಕ್ಕೆ 120 ಕಿ.ಮೀ. ಓಡುವ ಬಸ್ಸಿಗೆ ಲೀಟರಿಗೆ 4.5 ಕಿ.ಮೀ. ಹಿಡಿದರೆ ಸುಮಾರು 27 ಲೀಟರ್, ತಿಂಗಳಿಗೆ 75,000 ರೂಪಾಯಿಗಿಂತ ಸ್ವಲ್ಪ ಹೆಚ್ಚು, ವರ್ಷಕ್ಕೆ ಒಂಬತ್ತು ಲಕ್ಷದ ಆಸುಪಾಸು. ನಗರಸಭೆ ಮತ್ತು ಮಧೂರು ಪಂಚಾಯತು ಸೇರಿ ಹಂಚಿಕೊಂಡರೆ ಇದು ಹೊರಲಾರದ ಹೊರೆಯಲ್ಲ. ಅಪಾಯ ಬೇರೆ ಕಡೆಯಿದೆ: ಪ್ರತಿವರ್ಷ ಯೋಜನೆಯಲ್ಲಿ ಹಣ ಇಡಬೇಕು. ಆಡಳಿತ ಬದಲಾದರೆ ಅಥವಾ ಒಂದು ವರ್ಷ ಮರೆತರೆ ಏಪ್ರಿಲಿನಲ್ಲಿ ಬಸ್ಸು ನಿಲ್ಲುತ್ತದೆ. ಡಿಪೊದವರು ಕಿಲೋಮೀಟರಿಗೆ ಎಷ್ಟು ಕಲೆಕ್ಷನ್ ಎಂದು ನೋಡಿಯೇ ಶೆಡ್ಯೂಲ್ ಉಳಿಸುತ್ತಾರೆ. ಎಂಎಲ್‌ಎ ಪತ್ರದಿಂದ ಬಸ್ಸು ಬರಬಹುದು, ಕಲೆಕ್ಷನ್ ಇಲ್ಲದಿದ್ದರೆ ಉಳಿಯುವುದಿಲ್ಲ.

ತಲಪಾಡಿಯ ಬಸ್ಸುಗಳ ಆಸೆ ಬಿಡಿ. ಒಂದು ರಾಜ್ಯದ ಪರ್ಮಿಟ್ ಇನ್ನೊಂದರಲ್ಲಿ ನಡೆಯಬೇಕಾದರೆ ಸೆಕ್ಷನ್ 88ರಂತೆ ಆ ರಾಜ್ಯದ ಒಪ್ಪಿಗೆಯ ಮೊಹರು ಬೇಕು, ಅದಕ್ಕೆ ಎರಡು ಸರಕಾರಗಳ ನಡುವಿನ ಸಾರಿಗೆ ಒಪ್ಪಂದದಲ್ಲಿ ಮಾರ್ಗವೂ ಟ್ರಿಪ್ಪುಗಳ ಸಂಖ್ಯೆಯೂ ನಮೂದಾಗಿರಬೇಕು. ಇದು ತಿರುವನಂತಪುರ ಮತ್ತು ಬೆಂಗಳೂರಿನ ಮಟ್ಟದ ವಿಷಯ, ವಾರ್ಡಿನ ಮಟ್ಟದ್ದಲ್ಲ. ಗಡಿಯಾಚೆಯ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಕರ್ನಾಟಕದ ಮಹಿಳೆಯರಿಗೆ ಇರುವಂಥದ್ದು.

ತಂಗುದಾಣದ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದು. ಅದು ಹೀಗಾಗುತ್ತದೆ: ತಂಗುದಾಣ ಒಂದು ಕಾಮಗಾರಿ. ಹಣ ಮಾರ್ಚ್ 31ರೊಳಗೆ ಖರ್ಚಾಗಬೇಕು, ತಕರಾರಿಲ್ಲದ ಜಾಗ ಎಲ್ಲಿ ಸಿಕ್ಕಿತೋ ಅಲ್ಲಿ ಕಟ್ಟುತ್ತಾರೆ. ಸ್ಟಾಪ್ ನಿಗದಿಯಾಗುವುದು ಬೇರೆ ಕಡತದಲ್ಲಿ. ಸೆಕ್ಷನ್ 117ರಂತೆ ವಾಹನ ನಿಲ್ಲುವ ಜಾಗಗಳನ್ನು ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಗೊತ್ತುಪಡಿಸಬೇಕು. ಟ್ರಾಫಿಕ್ ಸಮಿತಿಯಲ್ಲಿ ಪೊಲೀಸರು, ಮೋಟಾರು ವಾಹನ ಇಲಾಖೆ, ಲೋಕೋಪಯೋಗಿ ಮೂವರೂ ಕೂತು ಒಪ್ಪದೆ ಕಟ್ಟಿದ ತಂಗುದಾಣದ ಮುಂದೆ ಬಸ್ಸು ನಿಲ್ಲಬೇಕೆಂಬ ಕಟ್ಟುಪಾಡಿಲ್ಲ. ಆರು ಪಥದ ಹೆದ್ದಾರಿ ಬಂದ ಮೇಲೆ ಇದು ಇನ್ನಷ್ಟು ಗೋಜಲಾಗಿದೆ. ತಲಪಾಡಿಯಿಂದ ಚೆಂಗಳದವರೆಗಿನ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಒಂದು ಕಲ್ಲು ಇಡಬೇಕಾದರೂ ಹೆದ್ದಾರಿ ಪ್ರಾಧಿಕಾರದ ಒಪ್ಪಿಗೆ ಬೇಕು. ನಿಮ್ಮದು ನಗರಸಭೆಯ ಒಳರಸ್ತೆ, ಆ ತೊಡಕಿಲ್ಲ. ಈಗಿರುವ ತಂಗುದಾಣವನ್ನೇ ಸ್ಟಾಪ್ ಎಂದು ಘೋಷಿಸಲು ಟ್ರಾಫಿಕ್ ಸಮಿತಿಯ ಶಿಫಾರಸು ಕೇಳಿ. ಅದು ತಿರುವಿನಲ್ಲಿದೆಯೆಂದು ಪೊಲೀಸರು ಒಪ್ಪದಿದ್ದರೆ ಪಟ್ಟು ಹಿಡಿಯಬೇಡಿ. ತಿರುವಿನಲ್ಲಿ ಬಸ್ಸು ನಿಂತರೆ ಹಿಂದಿನ ಬೈಕಿನವನು ಕಣ್ಣು ಕಾಣದೆ ಓವರ್‌ಟೇಕ್ ಮಾಡುತ್ತಾನೆ. ಇಳಿದು ರಸ್ತೆ ದಾಟುವ ಮಕ್ಕಳ ಜೀವಕ್ಕಿಂತ ತಂಗುದಾಣದ ಶೀಟು ದೊಡ್ಡದಲ್ಲ.

ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಇದು ಯಾರ ಔದಾರ್ಯವೂ ಅಲ್ಲ. ಒಂದೇ ಎಚ್ಚರ: ಬಸ್ಸಿನ ನೋಂದಣಿ ಸಂಖ್ಯೆ, ಪರ್ಮಿಟ್ ಸಂಖ್ಯೆ, ಮಾರ್ಗದ ಹೆಸರು ಪರ್ಮಿಟ್ಟಿನಲ್ಲಿ ಇದ್ದ ಹಾಗೆಯೇ ಮನವಿಯ ತಲೆಯಲ್ಲಿರಲಿ. ಗುಮಾಸ್ತರು ಕಡತ ಹುಡುಕುವುದು ಅದರಿಂದ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.

ಅಷ್ಟರವರೆಗೆ ಆಟೊ. ಮೀಟರ್ ಪ್ರಕಾರ ಮೊದಲ 1.5 ಕಿ.ಮೀ.ಗೆ 30 ರೂಪಾಯಿ, ಆಮೇಲೆ ಕಿ.ಮೀ.ಗೆ 15, ನಾಲ್ಕು ಕಿ.ಮೀ.ಗೆ 67 ರೂಪಾಯಿ 50 ಪೈಸೆ. ಮೂವರು ಪರಿಚಿತರು ಒಟ್ಟಾಗಿ ಬಾಡಿಗೆ ಮಾಡಿಕೊಂಡು ಹಂಚಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಸ್ಟಾಪ್ ಸ್ಟಾಪಿನಲ್ಲಿ ತಲೆಗಿಷ್ಟು ಎಂದು ಹತ್ತಿಸಿಕೊಳ್ಳುವ ಸರ್ವಿಸಿಗೆ ಆಟೊದ ಪರ್ಮಿಟ್ಟಿನಲ್ಲಿ ಅವಕಾಶವಿಲ್ಲ. ಮೂವರಿಗಿಂತ ಹೆಚ್ಚು ಕೂರಿಸಿಕೊಂಡು ಅಪಘಾತವಾದರೆ ವಿಮಾ ಕಂಪೆನಿ ಮೊದಲು ಎತ್ತುವ ತಕರಾರು ಅದೇ.

ವಾರ್ಡ್ ಸಭೆಯನ್ನು ಬಿಡಬೇಡಿ. ಒಂದು ಲಕ್ಷದೊಳಗಿನ ಜನಸಂಖ್ಯೆಯ ನಗರಸಭೆಗಳಲ್ಲಿ ಮೂರು ತಿಂಗಳಿಗೊಮ್ಮೆ ಅದು ಸೇರಬೇಕು, ಕರೆಯುವ ಹೊಣೆ ಕೌನ್ಸಿಲರದ್ದು. ಅಲ್ಲಿ "ಬಸ್ ಬೇಕು" ಎಂದು ಕೂಗಿ ಬರಬೇಡಿ. ಇಂಥ ಕಡೆಯಿಂದ ಇಂಥ ಕಡೆಯವರೆಗೆ ರಸ್ತೆಯ ಅಂಚು ಕಾಂಕ್ರೀಟ್, ಇಂಥ ತಿರುವಿನ ಅಗಲೀಕರಣ, ಗ್ರಾಮವಂಡಿಯ ಡೀಸೆಲ್ ಪಾಲು ಎಂದು ಮೂರು ಪ್ರತ್ಯೇಕ ಬೇಡಿಕೆಗಳಾಗಿ ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ, ಕಣ್ಣಾರೆ ಓದಿಯೇ ಸಹಿ ಹಾಕಿ. ವಾರ್ಷಿಕ ಯೋಜನೆ ವಾರ್ಡ್ ಸಭೆಯಿಂದ ಅಭಿವೃದ್ಧಿ ಸೆಮಿನಾರಿಗೆ, ಕೌನ್ಸಿಲಿಗೆ, ಕೊನೆಗೆ ಜಿಲ್ಲಾ ಯೋಜನಾ ಸಮಿತಿಗೆ ಹೋಗುತ್ತದೆ. ಮೊದಲ ಮೆಟ್ಟಿಲಲ್ಲಿ ಬರೆಯದೇ ಹೋದದ್ದನ್ನು ಮುಂದೆ ಸೇರಿಸುವುದು ಬಹಳ ಕಷ್ಟ. ಪಂಚಾಯತಿನ ಕಡೆಯವರೂ ತಮ್ಮ ಗ್ರಾಮಸಭೆಯಲ್ಲಿ ಇದೇ ಮಾತುಗಳಲ್ಲಿ ಬರೆಸಲಿ. ಎರಡು ಕಡೆಯ ನಿರ್ಣಯ ಜೊತೆಗಿದ್ದರೆ ಆರ್‌ಟಿಎಗೂ ಡಿಪೊಕ್ಕೂ ತೂಕ ಬೇರೆಯೇ.

ಪರ್ಮಿಟ್ ಮಂಜೂರಾದ ಮೇಲೆ ಇನ್ನೊಂದು ಹಂತವಿದೆ, ಜನ ಅದನ್ನು ಗಮನಿಸುವುದೇ ಇಲ್ಲ: ಟೈಮಿಂಗ್ ಕಾನ್ಫರೆನ್ಸ್. ಹೊಸ ಬಸ್ಸಿನ ಸಮಯ ನಿಗದಿ ಮಾಡಲು ಆರ್‌ಟಿಒ ಕಚೇರಿಯಲ್ಲಿ ಅದೇ ಮಾರ್ಗದ ಬಸ್ ಮಾಲಕರನ್ನೆಲ್ಲ ಕರೆಯುತ್ತಾರೆ. ಮಾಲಕರು ತಂತಮ್ಮ ಕಲೆಕ್ಷನ್ ನೋಡಿಕೊಂಡು ಸಮಯ ಹಂಚಿಕೊಳ್ಳುತ್ತಾರೆ. ಕಾದು ನಿಂತವರ ಪರವಾಗಿ ಅಲ್ಲಿ ಯಾರೂ ಇರುವುದಿಲ್ಲ. ಆ ದಿನಕ್ಕೆ ಮೊದಲೇ ನಿಮ್ಮ ನೋಟ್‌ಪುಸ್ತಕದ ಲೆಕ್ಕವನ್ನು ಕೌನ್ಸಿಲರ ಪತ್ರದೊಂದಿಗೆ ಆರ್‌ಟಿಎ ಕಾರ್ಯದರ್ಶಿಗೆ ತಲುಪಿಸಿ. ಸಂಜೆಯದನ್ನು ವಿಶೇಷವಾಗಿ ನೋಡಿ. ಪೇಟೆಯ ಅಂಗಡಿಗಳಲ್ಲಿ, ಬಟ್ಟೆ ಮಳಿಗೆಗಳಲ್ಲಿ ಕೆಲಸ ಮಾಡುವ ನಿಮ್ಮ ವಾರ್ಡಿನ ಹೆಣ್ಣುಮಕ್ಕಳು ಕೆಲಸ ಬಿಡುವುದು ಏಳು ಗಂಟೆಗಾದರೆ 6.40ರ ಬಸ್ಸು ಅವರಿಗೆ ಸಿಗುವುದೇ ಇಲ್ಲ. ಅದು ಖಾಲಿ ಓಡುವುದಕ್ಕೂ ಮಾಲಕ ಅದನ್ನು ಕತ್ತರಿಸುವುದಕ್ಕೂ ಅದೇ ಕಾರಣವಿರಬಹುದು. ಎಣಿಸಿ ನೋಡಿದಾಗ ಹಾಗೆ ಕಂಡುಬಂದರೆ ಕೊನೆಯ ಟ್ರಿಪ್ಪನ್ನು 7.15ಕ್ಕೆ ಕೇಳಿ.